ವಿಳಾಸದಾರರಿಗಿಂತ ಮೊದಲು

ನಮ್ಮೂರಿನ ಬಸ್ ಸ್ಟಾಪಿನಲ್ಲಿ ಈಗೊಂದು ಎಸ್‌ಟಿಡಿ ಬೂತ್ ಬಂದಿದೆ. ಗಾಜಿನ ಗೂಡು. ಒಳಗೆ ಹೋದವರು ಬಾಗಿಲನ್ನು ಭದ್ರವಾಗಿ ಎಳೆದುಕೊಂಡು, ಅದು ಮತ್ತೆ ತೆರೆದುಕೊಳ್ಳದಂತೆ ಒಂದು ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. ಆಮೇಲೆ ಬೆಂಗಳೂರು ಬಹಳ ದೂರ ಎಂಬುದು ನೆನಪಾಗಿ ಕೂಗಲು ಶುರುಮಾಡುತ್ತಾರೆ. ಎದುರಿನ ಟೀ ಅಂಗಡಿಯಲ್ಲಿ ಕೂತ ನಮಗೆಲ್ಲ ಯಾರ ಹಸು ಗಬ್ಬ ನಿಂತಿತು, ಯಾರ ಅಳಿಯ ಯಾವ ಮಾತಿಗೆ ಮುನಿಸಿಕೊಂಡು ಎದ್ದು ಹೋದ ಎಂಬುದು ಸವಿಸ್ತಾರವಾಗಿ ತಿಳಿಯುತ್ತದೆ. ಹೊರಗೆ ಬಂದವರನ್ನು ಏನು ಸಮಾಚಾರ ಎಂದು ಕೇಳಿ ನೋಡಿ, ಮುಖ ಗಂಟುಹಾಕಿಕೊಂಡು ಪರ್ಸನಲ್ ಅನ್ನುತ್ತಾರೆ.

ಆ ಮಾತು ಕೇಳಿದಾಗಲೆಲ್ಲ ನನಗೆ ನಗು ಬರುತ್ತದೆ, ಸ್ವಲ್ಪ ಹೊಟ್ಟೆಯೂ ಉರಿಯುತ್ತದೆ. ಕ್ಯಾಸಂಬಳ್ಳಿಗೂ ಬೇತಮಂಗಲಕ್ಕೂ ನಡುವೆ ಇರುವ ಈ ಊರಿನಲ್ಲಿ ಎಪ್ಪತ್ತರ ದಶಕದ ಆರಂಭದಿಂದ ಮೊನ್ನೆ ಮೊನ್ನೆಯವರೆಗೆ ಪೋಸ್ಟ್ ಮಾಸ್ಟರಾಗಿದ್ದವನು ನಾನು. ಪೋಸ್ಟಾಫೀಸು ಎಂದರೆ ನಮ್ಮ ಮನೆಯ ಮುಂದಿನ ಕೋಣೆ: ಒಂದು ಮೇಜು, ಒಂದು ಸೀಲು, ಹೊರಗೋಡೆಗೆ ನೇತುಹಾಕಿದ ಕೆಂಪು ಡಬ್ಬಿ. ಪೋಸ್ಟ್ ಮಾಸ್ಟರೂ ನಾನೇ, ಪೋಸ್ಟ್ ಮ್ಯಾನೂ ನಾನೇ. ಬೆಳಿಗ್ಗೆ ಹಸು ಕರೆದು, ರಾಗಿ ಹೊಲಕ್ಕೆ ಹೋಗಿ ಬಂದು, ಕಾಲು ತೊಳೆದುಕೊಂಡು ಸರ್ಕಾರವಾಗುತ್ತಿದ್ದೆ. ಹನ್ನೊಂದರ ಬಸ್ಸು ಬಂಗಾರಪೇಟೆಯಿಂದ ಟಪಾಲು ಚೀಲ ತಂದು ಎಸೆದು ಹೋಗುತ್ತಿತ್ತು.

ಚೀಲದಲ್ಲಿ ಬರುತ್ತಿದ್ದುದು ಹೆಚ್ಚಾಗಿ ಕಾರ್ಡುಗಳು. ಕೆಜಿಎಫ್ ಗಣಿಗೆ ಹೋದ ಮಗ, ಮದುವೆಯಾಗಿ ಹೋದ ಮಗಳು, ಜಗಳವಾಡಿಕೊಂಡು ಹೋದ ತಮ್ಮ, ಎಲ್ಲರೂ ಕಾರ್ಡಿನಲ್ಲೇ ಬರೆಯುತ್ತಿದ್ದರು. ಅವನ್ನು ನಾನು ಓದುತ್ತಿದ್ದೆ. ಕದ್ದುಮುಚ್ಚಿ ಅಲ್ಲ. ಜಗಲಿಯ ಮೇಲೆ ಕಾಲು ಮಡಚಿ ಕೂತು, ಒಂದೊಂದನ್ನೂ ಕೊನೆಯವರೆಗೆ ಓದಿ, ಆಮೇಲೆ ಹಂಚಲು ಹೊರಡುತ್ತಿದ್ದೆ. ಅದು ಊರೇ ನನಗೆ ವಹಿಸಿದ್ದ ಕೆಲಸ. ಸಾವಿನ ಸುದ್ದಿಯ ಕಾರ್ಡು ಹೊಸ್ತಿಲು ದಾಟಬಾರದು, ಹೊರಗೇ ಓದಿ ಹರಿದುಹಾಕಬೇಕು. ಉಣ್ಣುತ್ತಿರುವವರ ಕೈಗೆ ಕೊಡಬಾರದು. ಬಸುರಿ ಇರುವ ಮನೆಯ ಮುಂದೆ ಗಟ್ಟಿಯಾಗಿ ಓದಬಾರದು. ಇಷ್ಟೆಲ್ಲ ಪಾಲಿಸಬೇಕಾದವನು ಓದದೆ ಹೇಗೆ ಪಾಲಿಸಿಯಾನು?

ಕೆಲಸಕ್ಕೆ ಸೇರಿದ ಹೊಸತರಲ್ಲಿ, ಕಾನೂನು ಪುಸ್ತಕ ಓದಿದ ಹುಮ್ಮಸ್ಸಿನಲ್ಲಿ, ಒಂದು ಕಾರ್ಡನ್ನು ಓದದೆ ಹಾಗೇ ಒಬ್ಬರ ಕೈಗೆ ಕೊಟ್ಟುಬಿಟ್ಟಿದ್ದೆ. ಅವರು ಮುದ್ದೆ ಮುರಿಯುತ್ತಾ ಕೂತಿದ್ದರು. ಕಾರ್ಡಿನಲ್ಲಿದ್ದದ್ದು ಅವರ ಅಕ್ಕ ತೀರಿಕೊಂಡ ಸುದ್ದಿ. ಮಗ ಅದನ್ನು ಗಟ್ಟಿಯಾಗಿ ಓದಿದ, ಅವರು ಮುದ್ದೆ ಬಿಟ್ಟು ಎದ್ದರು. ಆರು ತಿಂಗಳು ಊರು ನನ್ನನ್ನು ಆಡಿಕೊಂಡಿತು. ಓದಿ ಕೊಡೋಕೆ ಏನು ದಾಡಿ ಇವನಿಗೆ, ಕಣ್ಣಿಲ್ಲವೇ ಎಂದರು. ಅಲ್ಲಿಂದ ಮುಂದೆ ಬಹಳ ವರ್ಷ ಒಂದು ಕಾರ್ಡನ್ನೂ ಓದದೆ ಬಿಟ್ಟವನಲ್ಲ.

ಕ್ರಮೇಣ ಕೈ ಪಳಗಿತು. ಸತ್ತವರನ್ನು ಮೊದಲ ದಿನ ಸೀರಿಯಸ್ ಮಾಡಿ, ಊಟವಾದ ಮೇಲೆ ನಿಧಾನವಾಗಿ ಸಾಯಿಸುತ್ತಿದ್ದೆ. ಸೊಸೆಯಂದಿರಿಗೆ ತವರಿನಿಂದ ಬಂದ ಕಾಗದವನ್ನು ಅತ್ತೆಯ ಎದುರಿಗೇ ಓದಬೇಕಾಗುತ್ತಿತ್ತು. ಅದರಲ್ಲಿ ಅಲ್ಲಿ ಅಷ್ಟು ಕಷ್ಟವಾದರೆ ಹೊರಟು ಬಂದುಬಿಡು ಮಗಳೇ ಎಂದು ಬರೆದಿದ್ದರೆ, ನಾನು ಅತ್ತೆಯ ಮಾತು ಕೇಳಿಕೊಂಡು ಇರು ಎಂದು ಓದಿ, ಸಾಯಂಕಾಲ ಬಾವಿಯ ಹತ್ತಿರ ಆ ಹುಡುಗಿ ಸಿಕ್ಕಾಗ ನಿಜವಾದ ಸಾಲನ್ನು ಹೇಳುತ್ತಿದ್ದೆ. ಅತ್ತೆಯರು ನನ್ನನ್ನು ಹೊಗಳುತ್ತಿದ್ದರು, ಸೊಸೆಯರೂ ಹೊಗಳುತ್ತಿದ್ದರು. ಇಬ್ಬರ ಕೈಯಲ್ಲೂ ಭೇಷ್ ಅನ್ನಿಸಿಕೊಂಡ ಗಂಡಸು ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು.

ನೀಲಿ ಇನ್‌ಲ್ಯಾಂಡ್ ಬಂದರೆ ಮಾತ್ರ ಊರಿಗೆ ಅನುಮಾನ. ಮೂರು ಕಡೆ ಅಂಟಿಸಿದ್ದಾರೆ ಎಂದರೆ ಒಳಗೆ ಏನೋ ಇರಲೇಬೇಕು. ತಮ್ಮ ಮಾನ ಉಳಿಸಿಕೊಳ್ಳಲು ಜನ ಅದನ್ನು ನನ್ನ ಎದುರೇ ಹರಿದು, ನಾಲ್ಕು ಜನ ಸೇರುವವರೆಗೆ ಕಾದು, ಗಟ್ಟಿಯಾಗಿ ಓದಿಸುತ್ತಿದ್ದರು. ಒಳಗೆ ಇರುತ್ತಿದ್ದುದು ಮಳೆ ಬೆಳೆ, ಮತ್ತು ಎಲ್ಲರೂ ಕ್ಷೇಮ. ನೋಡಿದ್ರಾ, ನಮ್ಮ ಮನೆಯಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ ಎಂದು ಎದೆಯುಬ್ಬಿಸಿ ಹೊರಡುತ್ತಿದ್ದರು.

ಎಂಬತ್ತರ ದಶಕ ಬರುವ ಹೊತ್ತಿಗೆ ಗಾಳಿ ತಿರುಗತೊಡಗಿತು. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಕೂತು ಎದ್ದ ಹುಡುಗರು, ಸಾರ್ ನಮ್ಮದು ಬಂದರೆ ಹಾಗೇ ಕೊಡಿ ಎನ್ನಲು ಶುರುಮಾಡಿದರು. ಕವರಿನ ಬಾಯಿಗೆ ಗೋಂದು ಸಾಲದೆಂದು ಅನ್ನ ಮೆತ್ತುತ್ತಿದ್ದರು. ನಾನು ಜಗಲಿಯಲ್ಲಿ ಕೂತು ಓದುತ್ತಿದ್ದರೆ ಹಿಂದಿನಿಂದ ಬಂದು ಕಸಿದುಕೊಂಡವರೂ ಉಂಟು. ಅಷ್ಟು ಹೊತ್ತಿಗೆ ನನಗೂ ಕನ್ನಡಕ ಬಂದಿತ್ತು, ತಲೆಯಲ್ಲಿ ಬೆಳ್ಳಗಿನ ಕೂದಲು ಬಂದಿತ್ತು. ವಯಸ್ಸಾದವನ ಓದನ್ನು ಜನ ಸೇವೆ ಎನ್ನುವುದು ಬಿಟ್ಟು ಚಟ ಎನ್ನತೊಡಗಿದರು. ನಾನು ಮಾಡುತ್ತಿದ್ದುದು ಅದೇ ಕೆಲಸ, ಕೂರುತ್ತಿದ್ದುದು ಅದೇ ಜಗಲಿ. ಇದು ನನಗೆ ನಿಜವಾಗಿ ಅರ್ಥವಾಗಲಿಲ್ಲ.

ಅರ್ಥ ಮಾಡಿಸಿದವಳು ನನ್ನ ಮಗಳು. ನಮಗೆ ಅವಳೊಬ್ಬಳೇ. ಬೇತಮಂಗಲದ ಹೈಸ್ಕೂಲಿಗೆ ಹೋಗಿ ಪಾಸು ಮಾಡಿದ್ದಳು. ಅಕ್ಷರ ಮುತ್ತಿನಂತಿದ್ದುದರಿಂದ ನನ್ನ ಪೋಸ್ಟಾಫೀಸಿನ ಫಾರಂಗಳನ್ನೆಲ್ಲ ಅವಳೇ ತುಂಬುತ್ತಿದ್ದಳು, ನಾನು ರುಜು ಹಾಕುತ್ತಿದ್ದೆ. ಕೆಜಿಎಫ್‌ನ ಚಾಂಪಿಯನ್ ರೀಫ್ಸಿನಲ್ಲಿ ಒಂದು ಕಡೆ ಬಾಲವಾಡಿ ಟೀಚರುಗಳಿಗೆ ತರಬೇತಿ ಕೊಡುತ್ತಿದ್ದರು, ಹಾಸ್ಟೆಲ್ಲೂ ಇತ್ತು. ಅದಕ್ಕೆ ಅರ್ಜಿ ಹಾಕಿದಳು. ದಿನಾ ಹನ್ನೊಂದರ ಬಸ್ಸಿನ ಹೊತ್ತಿಗೆ ಏನಾದರೊಂದು ನೆಪ ಮಾಡಿ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಆ ಸೀಟು ಸಿಕ್ಕದಿದ್ದರೆ ಮುಂದಿನದು ಮದುವೆ ಎಂಬುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಉಗಾದಿಗೆ ಮೂರು ದಿನ ಮುಂಚೆ, ಒಂದು ಮಂಗಳವಾರ, ಕಾರ್ಡು ಬಂತು. ಅವಳು ಹಸುವಿಗೆ ಹುಲ್ಲು ತರಲು ಹೋಗಿದ್ದಳು. ಅಚ್ಚು ಹಾಕಿಸಿದ ಕಾರ್ಡು. ತಮ್ಮನ್ನು ಆಯ್ಕೆ ಮಾಡಲಾಗಿಲ್ಲವೆಂದು ತಿಳಿಸಲು ವಿಷಾದಿಸುತ್ತೇವೆ ಎಂದಿತ್ತು. ಅಷ್ಟು ಓದಿದೆ. ಕಣ್ಣು ಮಂಜಾಗಿ ಮುಂದಕ್ಕೆ ಓದಲಾಗಲಿಲ್ಲ. ಕಾರ್ಡನ್ನು ಸೀಲಿನ ಪ್ಯಾಡಿನ ಕೆಳಗೆ ಇಟ್ಟೆ.

ಮಂಗಳವಾರ ಕೆಟ್ಟ ಸುದ್ದಿ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಬುಧವಾರ ಅವಳು ಹಬ್ಬಕ್ಕೆಂದು ಗೋಡೆಗೆ ಸುಣ್ಣ ಬಳಿಯುತ್ತಾ ಹಾಡಿಕೊಳ್ಳುತ್ತಿದ್ದಳು, ನನಗೆ ಬಾಯಿ ಬರಲಿಲ್ಲ. ಗುರುವಾರ ಅಮಾವಾಸ್ಯೆ. ಶುಕ್ರವಾರ ಉಗಾದಿ, ವರ್ಷದ ಮೊದಲ ದಿನ ಅತ್ತವರು ವರ್ಷವೆಲ್ಲ ಅಳುತ್ತಾರೆ ಎಂಬುದು ನಮ್ಮಮ್ಮನ ಕಾಲದಿಂದ ಬಂದ ಮಾತು. ಶನಿವಾರ ವರ್ಷತೊಡಕು, ಮನೆಯಲ್ಲಿ ಬಾಡೂಟ. ಭಾನುವಾರ ನೆಂಟರು. ಹೀಗೆ ಪಂಚಾಂಗ ನನ್ನ ಪಕ್ಷದಲ್ಲಿತ್ತು. ಹೆಂಡತಿಗೆ ಹೇಳಿದ್ದೆ. ಜಗಲಿಗೆ ಬರುವ ನಾಲ್ಕೈದು ಜನಕ್ಕೂ, ಹಬ್ಬ ಕಳೆಯುವವರೆಗೆ ಮಗುವಿಗೆ ಗೊತ್ತಾಗಬಾರದು ಎಂದು ಆಣೆ ಹಾಕಿಸಿ ಹೇಳಿದ್ದೆ. ಅವರು ತಮ್ಮ ತಮ್ಮ ಮನೆಗಳಲ್ಲಿ ಆಣೆ ಹಾಕಿಸಿ ಹೇಳಿದರು. ಊರಿಗೆ ಊರೇ ಸೇರಿ ಒಂದು ಗುಟ್ಟು ಕಾಪಾಡಿದ್ದು ಅದೊಂದೇ ಸಲ. ಹಬ್ಬದ ದಿನ ಹೋದ ಮನೆಯಲ್ಲೆಲ್ಲ ಅವಳಿಗೆ ಒಂದು ಹೋಳಿಗೆ ಹೆಚ್ಚಿಗೆ ಹಾಕಿದರಂತೆ.

ಸೋಮವಾರ ನೀರಿಗೆ ಹೋಗಿದ್ದಾಗ, ಹಬ್ಬ ಮುಗಿದಿದೆ, ಹೇಳಿರುತ್ತಾರೆ ಎಂದುಕೊಂಡು ಪಕ್ಕದ ಮನೆಯ ಅಜ್ಜಿ ಅವಳ ತಲೆ ಸವರಿ, ಹೋಗಲಿ ಬಿಡು ಮಗಾ, ಸೀಟು ಬರೋ ವರ್ಷ ಆದರೂ ಸಿಗ್ತೈತೆ ಎಂದಿತು. ಮಗಳು ಕೊಡವನ್ನು ಅಲ್ಲೇ ಬಿಟ್ಟು ಬಂದಳು. ನಾನು ಕಾಗದ ಬಚ್ಚಿಡುವ ಜಾಗ ಗೊತ್ತಿದ್ದವಳು ನೇರ ಮೇಜಿನ ಹತ್ತಿರ ಹೋಗಿ ಪ್ಯಾಡು ಎತ್ತಿ ಕಾರ್ಡು ತೆಗೆದಳು. ನಿಂತುಕೊಂಡೇ ಓದಿದಳು. ಓದಿ ಅದನ್ನು ನನ್ನ ಮುಂದೆ ಹಿಡಿದಳು.

"ಅಪ್ಪಾ, ಕೊನೇ ಸಾಲು ಓದಿದ್ಯಾ?"

ಅಚ್ಚಿನ ಅಕ್ಷರದ ಕೆಳಗೆ ಯಾರೋ ಇಂಕಿನಲ್ಲಿ ಸಣ್ಣಗೆ ಬರೆದಿದ್ದರು. ಒಂದು ಸ್ಥಾನ ಖಾಲಿಯಾಗುವ ಸಂಭವವಿದೆ, ಶನಿವಾರದೊಳಗೆ ಖುದ್ದಾಗಿ ಬಂದು ಕಂಡರೆ ಪರಿಶೀಲಿಸಲಾಗುವುದು ಎಂದು. ನಾವು ಬಾಡೂಟ ಮಾಡಿದ ಶನಿವಾರ. ಇಡೀ ಸರ್ವೀಸಿನಲ್ಲಿ ನಾನು ಓದಲು ಶುರುಮಾಡಿ ಕೊನೆ ಮುಟ್ಟಿಸದೆ ಬಿಟ್ಟ ಕಾರ್ಡು ಅದೊಂದೇ. ಅವಳು ಮರುದಿನ ಬಸ್ಸು ಹತ್ತಿ ಹೋಗಿ ಕೇಳಿ ಬಂದಳು, ಆ ಜಾಗ ಬೇರೆ ಯಾರಿಗೋ ಆಗಿತ್ತು. ಅಳಲಿಲ್ಲ, ಬೈಯಲಿಲ್ಲ. ನನ್ನ ಜೊತೆ ಮಾತು ಬಿಟ್ಟಳು. ಫಾರಂಗಳನ್ನು ಮಾತ್ರ ಎಂದಿನಂತೆ ತುಂಬಿ ಮೇಜಿನ ಮೇಲಿಡುತ್ತಿದ್ದಳು.

ಎರಡು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ನಮ್ಮದೇ ಗೋಡೆಯ ಕೆಂಪು ಡಬ್ಬಿ ತೆಗೆದೆ. ಒಳಗೆ ಒಂದು ಕಾರ್ಡು, ಬಂಗಾರಪೇಟೆಯ ಮೇಲಧಿಕಾರಿಗಳಿಗೆ. ಅಭ್ಯಾಸದಂತೆ ತಿರುಗಿಸಿ ಓದಿದೆ. ಈ ಊರಿನ ಪೋಸ್ಟ್ ಮಾಸ್ಟರರು ಕಾಗದಗಳನ್ನು ವಿಳಾಸದಾರರಿಗಿಂತ ಮೊದಲು ಓದುತ್ತಾರೆ, ತಮಗೆ ತೋಚಿದಾಗ ಕೊಡುತ್ತಾರೆ, ಇದರಿಂದ ಒಬ್ಬರ ಒಂದು ವರ್ಷ ಹಾಳಾಗಿದೆ, ದಯವಿಟ್ಟು ವಿಚಾರಿಸಬೇಕು ಎಂದಿತ್ತು. ಹೆಸರು ಹಾಕಿರಲಿಲ್ಲ. ಹಾಕುವ ಅಗತ್ಯವೂ ಇರಲಿಲ್ಲ, ಅಕ್ಷರ ನನ್ನ ಮಗಳದು. ಕವರಿನಲ್ಲಿ ಬರೆಯಬಹುದಾಗಿತ್ತು, ಮನೆಯಲ್ಲೇ ಬೇಕಾದಷ್ಟು ಕವರುಗಳಿದ್ದವು. ನಾನು ಓದಲಿ ಎಂದೇ ಕಾರ್ಡಿನಲ್ಲಿ ಬರೆದಿದ್ದಳು.

ಹರಿದು ಒಲೆಗೆ ಹಾಕಿದ್ದರೆ ಕೇಳುವವರಿರಲಿಲ್ಲ. ಕೆಲಸ ಹೋದರೆ ಊರಿನಲ್ಲಿ ತಲೆ ಎತ್ತಿ ಓಡಾಡುವುದು ಹೇಗೆ ಎಂಬ ಭಯದಲ್ಲಿ ಸ್ವಲ್ಪ ಹೊತ್ತು ಅದನ್ನು ಹಿಡಿದುಕೊಂಡೇ ಕೂತಿದ್ದೆ. ಆಮೇಲೆ ಸೀಲು ಹೊಡೆದೆ, ತಾರೀಖು ಸ್ಪಷ್ಟವಾಗಿ ಮೂಡುವಂತೆ ಹೊಡೆದೆ. ಚೀಲಕ್ಕೆ ಹಾಕಿ ಅರಗು ಒತ್ತಿ ಬಸ್ಸಿಗೆ ಕೊಟ್ಟೆ. ಹೆಂಡತಿಗೂ ಹೇಳಲಿಲ್ಲ. ಊರವರ ಗುಟ್ಟನ್ನೆಲ್ಲ ಸಲೀಸಾಗಿ ಹೊತ್ತವನಿಗೆ ನನ್ನದೇ ಒಂದು ಗುಟ್ಟು ಹೊಟ್ಟೆಯಲ್ಲಿ ನಿಲ್ಲದೆ ಬಹಳ ಕಷ್ಟವಾಯಿತು.

ತಿಂಗಳೊಳಗೆ ಬಂಗಾರಪೇಟೆಯಿಂದ ಇನ್ಸ್‌ಪೆಕ್ಟರು ಬಂದರು. ನಮ್ಮ ಜಗಲಿಯ ಮೇಲೇ ಕುರ್ಚಿ ಹಾಕಿಸಿಕೊಂಡು, ಊರವರನ್ನು ಕರೆಸಿದರು. ಪೋಸ್ಟಣ್ಣನ ಮೇಲೆ ಯಾರೋ ಪಾಪಿಗಳು ಅರ್ಜಿ ಹಾಕಿದ್ದಾರೆ ಎಂಬ ಸುದ್ದಿ ಹಬ್ಬಿ, ನನ್ನನ್ನು ಉಳಿಸಿಕೊಳ್ಳಲೇಬೇಕೆಂದು ಊರೆಲ್ಲ ತೀರ್ಮಾನಿಸಿ ಬಂದಿತ್ತು. ಮೊದಲು ಎದ್ದವರು ಅಕ್ಕ ತೀರಿಕೊಂಡಾಗ ಮುದ್ದೆ ಬಿಟ್ಟೆದ್ದಿದ್ದ ಅದೇ ಹಿರಿಯರು. ಮೊದಮೊದಲು ಇವನಿಗೆ ಕೆಲಸ ಬರುತ್ತಿರಲಿಲ್ಲ, ಓದದೆ ಕೊಡುತ್ತಿದ್ದ, ಆಮೇಲೆ ತಿದ್ದಿಕೊಂಡ, ಈಗ ಹದಿನೈದು ವರ್ಷದಿಂದ ನನ್ನ ಒಂದು ಕಾಗದವನ್ನೂ ಓದದೆ ಬಿಟ್ಟಿಲ್ಲ ಎಂದರು. ಇನ್ಸ್‌ಪೆಕ್ಟರು ಬರೆದುಕೊಂಡರು. ಟೀ ಅಂಗಡಿಯವನು, ಇವರು ಒಂದು ಸಲ ಅಲ್ಲ ಸಾರ್, ಅನುಮಾನ ಬಂದರೆ ಎರಡೆರಡು ಸಲ ಓದುತ್ತಾರೆ ಎಂದ. ಅದನ್ನೂ ಬರೆದುಕೊಂಡರು. ಪಕ್ಕದ ಮನೆಯ ಅಜ್ಜಿ, ತನ್ನ ತಮ್ಮ ಸತ್ತ ಸುದ್ದಿಯನ್ನು ತನ್ನ ಒಪ್ಪೊತ್ತಿನ ವ್ರತ ಮುಗಿಯುವವರೆಗೆ ಎರಡು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಪುಣ್ಯಾತ್ಮ ಎಂದು ಕಣ್ಣೊರೆಸಿಕೊಂಡಿತು. ಒಬ್ಬರಂತೂ ಪಕ್ಕದೂರಿನ ಪೋಸ್ಟ್ ಮ್ಯಾನಿನ ಮೇಲೆ ದೂರು ಹೇಳಿದರು. ಅವನು ಕಾಗದ ಓದುವುದೇ ಇಲ್ಲವಂತೆ, ಸುಮ್ಮನೆ ಕೈಗೆ ಕೊಟ್ಟು ಹೋಗಿಬಿಡುತ್ತಾನಂತೆ, ಮೊದಲು ಅವನನ್ನು ವಿಚಾರಿಸಬೇಕಂತೆ.

ಇನ್ಸ್‌ಪೆಕ್ಟರು ಪೆನ್ನು ಕೆಳಗಿಟ್ಟು, ನೀವೆಲ್ಲ ಇವರ ಪರವಾಗಿ ಹೇಳುತ್ತಿದ್ದೀರೋ ವಿರುದ್ಧವೋ ಎಂದು ಕೇಳಿದರು. ಪರ ಎಂದು ಇಡೀ ಜಗಲಿ ಒಂದೇ ದನಿಯಲ್ಲಿ ಹೇಳಿತು. ಅವರು ಹೊಗಳಿದಷ್ಟೂ ನಾನು ಕಂಬಕ್ಕೆ ಒರಗುತ್ತಾ ಹೋದೆ. ಹಗೆಗಳಿದ್ದಿದ್ದರೆ ಅಂದು ನಾನು ಸುಲಭವಾಗಿ ಪಾರಾಗುತ್ತಿದ್ದೆ.

ಊರವರನ್ನು ಕಳಿಸಿ, ಇನ್ಸ್‌ಪೆಕ್ಟರು ಆ ಕಾರ್ಡನ್ನು ನನ್ನ ಮುಂದಿಟ್ಟರು. ಅಕ್ಷರ ಗೊತ್ತಾಗುತ್ತದಾ ಎಂದು ಕೇಳಿದರು. ಮಗಳು ಆಗತಾನೆ ಮಜ್ಜಿಗೆ ತಂದು ಬಾಗಿಲಲ್ಲಿ ನಿಂತಿದ್ದಳು. ಅಪ್ಪನ ಮೇಲೆ ಅರ್ಜಿ ಹಾಕಿದವಳು ಎಂದು ಹೊರಗೆ ಬಿದ್ದರೆ, ನನ್ನ ಪರವಾಗಿ ನಿಂತ ಈ ಊರು ಅವಳನ್ನು ಬಾಳಲು ಬಿಡುತ್ತಿರಲಿಲ್ಲ. ಗೊತ್ತಿಲ್ಲ ಸಾರ್ ಎಂದೆ. ಹಾಗಾದರೆ ಇನ್ನು ಮುಂದೆ ಓದುವುದಿಲ್ಲ ಎಂದು ಮುಚ್ಚಳಿಕೆ ಬರೆದುಕೊಡಿ, ಈ ಸಲ ಇಷ್ಟಕ್ಕೇ ಬಿಡುತ್ತೇನೆ ಎಂದರು. ಅಂಥದ್ದನ್ನೆಲ್ಲ ಬರೆಯುತ್ತಿದ್ದವಳು ಅವಳು. ಅವಳು ಪೆನ್ನಿಗೆ ಕೈ ಚಾಚಿದಳು. ನಾನು ಪೆನ್ನು ಕೊಡಲಿಲ್ಲ. ಅವಳು ತುಂಬಿಟ್ಟಿದ್ದ ಫಾರಂಗಳ ಅಕ್ಷರ ಕಾಣದಂತೆ ಮೇಲೆ ಟವಲ್ಲು ಹಾಕಿ, ನನ್ನ ಕಾಗೆಕಾಲು ಅಕ್ಷರದಲ್ಲೇ, ಮೂರು ಕಡೆ ಹೊಡೆದುಹಾಕಿ, ಬರೆದುಕೊಟ್ಟೆ.

ಅವರು ಬಸ್ಸು ಹತ್ತಿದ ಮೇಲೆ ಅವಳು ಲೋಟ ತೆಗೆದುಕೊಳ್ಳಲು ಬಂದಳು. ಉಗಾದಿ ಕಳೆದ ಮೇಲೆ ಮೊದಲ ಸಲ ನನ್ನ ಜೊತೆ ಮಾತಾಡಿದಳು.

"ನಂದೇ ಅಂತ ಗೊತ್ತಿತ್ತಾ?"

ಗೊತ್ತಿತ್ತು ಎಂದೆ.

"ಮತ್ತೆ ಅರ್ದು ಆಕ್ಬೋದಿತ್ತಲ್ಲಪ್ಪಾ. ಯಾಕ್ ಕಳಿಸ್ದೆ?"

"ಅಡ್ರೆಸ್ ನಂದಲ್ವಲ್ಲಮ್ಮಾ."

"ಸೀಟಿನ್ ಕಾರ್ಡಿನ್ ಅಡ್ರೆಸ್ಸೂ ನಿಂದಾಗಿರ್ಲಿಲ್ಲ."

ನಾಚಿಕೆಯಾಯಿತು. ಅವಳು ಲೋಟ ತೆಗೆದುಕೊಂಡು ಒಳಗೆ ಹೋದಳು.

ಮುಚ್ಚಳಿಕೆ ಕೊಟ್ಟವನು ನಡೆದುಕೊಳ್ಳಬೇಕಲ್ಲ. ಕಾರ್ಡುಗಳನ್ನು ವಿಂಗಡಿಸುವಾಗ ವಿಳಾಸ ನೋಡಿದ ಕೂಡಲೇ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಅದಿಲ್ಲದಿದ್ದರೆ ನನಗೆ ಅಕ್ಷರವೂ ಒಂದೇ ಇರುವೆ ಸಾಲೂ ಒಂದೇ. ಊರಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ಇನ್ಸ್‌ಪೆಕ್ಟರು ಬಂದು ಹೋದ ಮೇಲೆ ಇವನಿಗೆ ಕೊಬ್ಬು ಬಂದಿದೆ ಎಂದರು. ಎದುರಿಗೆ ಕೂತು ಓದಿ ಹೇಳುತ್ತೇನೆ, ಮೊದಲೇ ಓದುವುದಿಲ್ಲ ಎಂದರೆ, ಹಾಗಾದರೆ ಸುದ್ದಿ ಕೆಟ್ಟದ್ದಾಗಿದ್ದರೆ ಎಂದು ಕೇಳುತ್ತಿದ್ದರು. ಅಜ್ಜಿ ಒಂದು ಕಾರ್ಡನ್ನು ಕೈಗೇ ತೆಗೆದುಕೊಳ್ಳಲಿಲ್ಲ. ಓದದೆ ಇರುವ ಕಾಗದ ನನಗೆ ಬೇಡ, ನೀನು ಓದಿ ಒಳ್ಳೆಯದಾಗಿದ್ದರೆ ಮಾತ್ರ ಕೊಡು ಎಂದು ಬಾಗಿಲು ಹಾಕಿಕೊಂಡಿತು. ಅತ್ತ ಹುಡುಗರು ನಾನು ಕನ್ನಡಕ ತೆಗೆಯುವುದು ಬರೀ ನಾಟಕ ಎಂದು ನಂಬಿದ್ದರು.

ಮರುವರ್ಷ ಮಗಳು ಮತ್ತೆ ಅರ್ಜಿ ಹಾಕಿದಳು. ಈ ಸಲ ಬಸ್ಸಿನ ಹೊತ್ತಿಗೆ ಬಾಗಿಲಿಗೆ ಬರುತ್ತಿರಲಿಲ್ಲ. ಕಾರ್ಡು ಬಂದ ದಿನ ಅಚ್ಚಿನ ವಿಳಾಸ ನೋಡಿಯೇ ಎಲ್ಲಿಂದ ಬಂದದ್ದೆಂದು ಗೊತ್ತಾಯಿತು. ಕನ್ನಡಕ ತೆಗೆದೆ. ಹಿತ್ತಲಿಗೆ ಹೋಗಿ, ಅವಳು ಸಗಣಿ ಕೈ ತೊಳೆದುಕೊಳ್ಳುವವರೆಗೆ ಕಾದು, ಕೊಟ್ಟೆ. ಅವಳು ಗೋಡೆಗೆ ಬೆನ್ನು ಕೊಟ್ಟು ಓದಿದಳು. ಕೊನೆಯ ಸಾಲಿನವರೆಗೂ ಓದಿದಳು ಎಂಬುದು ಅವಳ ಕಣ್ಣು ನೋಡಿದರೇ ತಿಳಿಯುತ್ತಿತ್ತು. ಮುಖದಲ್ಲಿ ಏನೂ ತೋರಿಸಲಿಲ್ಲ. ಒಳಗೆ ಹೋಗಿ ಒಂದು ಪುಸ್ತಕದೊಳಗಿಟ್ಟಳು. ನಾನು ಕೇಳಲಿಲ್ಲ.

ನಾಲ್ಕು ದಿನ ಊರು ಕೇಳಿತು. ಏನು ಬರೆದಿದ್ದಾರಂತೆ, ಆಯಿತಂತಾ, ಇಲ್ಲವಂತಾ? ನನಗೆ ಗೊತ್ತಿಲ್ಲ ಎಂದರೆ ಒಬ್ಬರೂ ನಂಬಲಿಲ್ಲ, ಎಷ್ಟು ಪಕ್ಕಾ ಆಗಿಬಿಟ್ಟ ನೋಡು ಎಂದು ನಕ್ಕರು. ಹೆಂಡತಿಯನ್ನು ಕೇಳಿದರೆ ಅವಳೂ ಬೇಕೆಂದೇ ಮಾತು ಮರೆಸುತ್ತಿದ್ದಳು, ಅವಳಿಗೆ ಗೊತ್ತಿತ್ತೆಂದು ನನ್ನ ಗುಮಾನಿ. ಒಂದು ಕಾರ್ಡಿನಲ್ಲಿರುವ ನಾಲ್ಕು ಸಾಲು ಗೊತ್ತಿಲ್ಲದೆ ಇರುವುದು ಇಷ್ಟು ಕಷ್ಟವೆಂದು ಐವತ್ತು ದಾಟಿದ ಮೇಲೆ ಕಲಿತೆ.

ಐದನೆಯ ದಿನ ಬೆಳಿಗ್ಗೆ ಅವಳು ಒಂದು ಬ್ಯಾಗು ಹಿಡಿದುಕೊಂಡು, ಬಸ್ ಸ್ಟಾಪಿನವರೆಗೆ ಬರುತ್ತೀಯಾ ಎಂದಳು. ಬ್ಯಾಗು ದೊಡ್ಡದೇನಲ್ಲ. ಅವಳ ಸೋದರತ್ತೆಯ ಮನೆಗೂ ಅಷ್ಟೇ ದೊಡ್ಡ ಬ್ಯಾಗು ಹಿಡಿದು ಹೋಗುತ್ತಿದ್ದಳು, ಹೋದ ವರ್ಷ ಗೋಗರೆಯಲು ಹೋದಾಗಲೂ ಹಿಡಿದಿದ್ದಳು. ದಾರಿಯಲ್ಲಿ ಬ್ಯಾಗನ್ನು ನಾನು ತೆಗೆದುಕೊಂಡು ತೂಕ ನೋಡಿದೆ, ಅದರಿಂದಲೂ ಏನೂ ತಿಳಿಯಲಿಲ್ಲ. ಬಸ್ಸು ಬಂತು. ಅವಳು ಹತ್ತಿ ಕಿಟಕಿಯ ಪಕ್ಕ ಕೂತಳು. ನಾನು ಕೆಳಗೆ ನಿಂತಿದ್ದೆ. ಎಲ್ಲಿಗಮ್ಮ ಎಂದು ಕಂಡಕ್ಟರ್ ಕೇಳಿದ.

"ಚಾಂಪಿಯನ್ ರೀಫ್ಸು, ಒಂದೇ ಟಿಕೆಟು," ಎಂದಳು. ಅವನು ಅಲ್ಲಿ ಯಾರಿದ್ದಾರೆ ಎಂದು ಕೇಳಿರಲಿಲ್ಲ. ಆದರೂ ಅವನ ಕಡೆ ನೋಡದೆ, ಕಿಟಕಿಯಿಂದ ನನ್ನನ್ನೇ ನೋಡುತ್ತಾ ಗಟ್ಟಿಯಾಗಿ ಹೇಳಿದಳು: "ಟ್ರೈನಿಂಗ್‌ಗೆ ಸೀಟ್ ಸಿಕ್ಕೈತೆ. ಆಸ್ಟೆಲ್‌ಗೆ ಓಗ್ತಾ ಇದೀನಿ."

ಬಸ್ಸಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಅವರ ಜೊತೆಯಲ್ಲೇ ನಾನೂ ಕೇಳಿಸಿಕೊಂಡೆ.